ರೇಖಾ ಕೂಗಿ ಹೇಳಿದ ಮಾತು

ರಾಯದುರ್ಗದ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಕರುಳಿನ ಕ್ಯಾನ್ಸರ್ ತಪಾಸಣೆಗೆ ಎಲ್ಲರಿಗಿಂತ ಹೆಚ್ಚು ಮಲದ ಮಾದರಿಯ ಡಬ್ಬಿ ತಂದುಕೊಟ್ಟವಳು ಆರೋಗ್ಯ ಕಾರ್ಯಕರ್ತೆ ರೇಖಾ. ಐವತ್ತು ದಾಟಿದವರ ಮಲದಲ್ಲಿ ಕಣ್ಣಿಗೆ ಕಾಣದ ರಕ್ತ ಇದೆಯೇ ಎಂದು ನೋಡುವ ಪರೀಕ್ಷೆ ಅದು. ನಾಚುವವರನ್ನು ನಗಿಸಿ, ಬೈಯುವವರನ್ನು ಪುಸಲಾಯಿಸಿ ಅದನ್ನು ಮಾಡಿಸಿದ್ದಳು. ಹಾಗಾಗಿ ಕಾರ್ಯಕ್ರಮದ ಗುಣಮಟ್ಟ ಅಳೆಯಲು ಡಾಕ್ಟರ್ ಹೇಮಶ್ರೀ ಬರುತ್ತಾರೆಂದಾಗ ಹೊಸ ಸೀರೆ ಉಟ್ಟು ಹೋದಳು.

ಹೇಮಶ್ರೀ ಡಬ್ಬಿಗಳ ಮಾತೇ ಎತ್ತಲಿಲ್ಲ.

"ಡಬ್ಬಿ ತರೋದು ಅರ್ಧ ಕೆಲಸ ಅಷ್ಟೇ. ರಕ್ತ ಕಂಡವರು ದೊಡ್ಡಾಸ್ಪತ್ರೆಗೆ ಹೋಗಿ ಕರುಳಿಗೆ ಕ್ಯಾಮೆರಾ ಬಿಟ್ಟು ನೋಡಿಸಿಕೊಂಡರಾ? ನಾನು ಅಳೆಯೋದು ಅದನ್ನ. ಮೂಡಲಗಿರಿಯಪ್ಪ ಯಾಕೆ ಹೋಗಿಲ್ಲ?"

"ಒಲ್ಲೆ ಅಂದ್ರು ಮೇಡಂ. ಕೆಲಸ ಬಿಟ್ಟು ಮಡಕಶಿರದ ಕಡಿ ತಮ್ಮೂರಿಗೆ ಹೋದ್ರರಿ," ಎಂದಳು ರೇಖಾ.

"ಹಾಗಾದ್ರೆ ಅವರನ್ನೇ ಕೇಳೋಣ."

ಜೀಪಿನಲ್ಲಿ ದಾರಿಯುದ್ದಕ್ಕೂ ರೇಖಾಳಿಗೆ ಆ ದಿನದ್ದೇ ನೆನಪು. ಮೂಡಲಗಿರಿಯಪ್ಪ ಹೊಲಿಗೆಯ ಶೆಡ್ಡಿನಲ್ಲಿ ಪ್ಯಾಂಟುಗಳಿಗೆ ಇಸ್ತ್ರಿ ಮಾಡುತ್ತಿದ್ದವನು. ಅವನ ಪರೀಕ್ಷೆಯ ಫಲ ಬಂದ ದಿನ ಅವಳಿಗೆ ಇನ್ನೂ ನಾಲ್ಕು ಓಣಿ ತಿರುಗುವುದಿತ್ತು. ಒಳಗೆ ಹೋಗದೆ ಬಾಗಿಲಲ್ಲೇ ನಿಂತು, ಮಿಷನ್ನುಗಳ ಸದ್ದಿನ ಮೇಲೆ ಕೂಗಿದ್ದಳು: "ಮೂಡಲಗಿರಿಯಪ್ಪಾರ, ನಿಮ್ಮ ಮಲದಾಗ ರಕ್ತ ಕಂಡೈತ್ರಿ, ನಾಳೆ ಆಸ್ಪತ್ರೆಗೆ ಬರ್ರಿ." ಹೊಲಿಯುತ್ತಿದ್ದವರೆಲ್ಲ ತಿರುಗಿ ನೋಡಿದ್ದರು. ಯಾರೋ ಏನೋ ಅಂದು ನಕ್ಕರು. ಆ ನಗುವಿನಲ್ಲಿ ಅವಳೂ ಸೇರಿಕೊಂಡಿದ್ದಳು.

ಊರಲ್ಲಿ ಮೂಡಲಗಿರಿಯಪ್ಪ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಿದ್ದ. ಬಹಳ ಇಳಿದುಹೋಗಿದ್ದ. ರೇಖಾಳನ್ನು ಕಂಡು ತಲೆ ತಗ್ಗಿಸಿದ. ಹೇಮಶ್ರೀ ಕೇಳಿದ್ದಕ್ಕೆ ಅವನ ಹೆಂಡತಿ ಪಾಪಕ್ಕ ಉತ್ತರ ಕೊಟ್ಟಳು.

"ಎಲ್ರ ಮುಂದೆ ಗೊತ್ತಾಗೋಯ್ತು ಕಣಮ್ಮ. ಊಟಕ್ಕೆ ಕುಂತ್ರೆ ಪಕ್ಕದೋರು ದೂರ ಸರಿಯೋರು. ನೀರು ಕುಡಿಯೋ ಲೋಟಾನೂ ಬೇರೆ ಇಟ್ರು. ಈವಯ್ಯ ಎಂಗೆ ಇರಾದು ಅಲ್ಲಿ? ಆಸ್ಪತ್ರೆ ಅಂದ್ರೆ ಸಾಕು, ಮೂಲೆ ಸೇರ್ಕಂತಿತ್ತು."

"ಎಲ್ಲರ ಮುಂದೆ ಹೇಳಿದ್ದು ಯಾರು?"

ಪಾಪಕ್ಕ ಒಂದು ಗಳಿಗೆ ರೇಖಾಳ ಮುಖ ನೋಡಿದಳು. ಆಮೇಲೆ ಸೊಪ್ಪಿನ ಬುಟ್ಟಿ ಅತ್ತ ಸರಿಸಿ, "ಯಾರೋ ಏನೋ. ಈಗ್ಯಾಕೆ ಆ ಮಾತು," ಎಂದಳು.

ತಾನು ಬೀದಿಗೆಳೆದ ಮನೆಯವಳೇ ತನ್ನ ಮಾನ ಕಾಯುತ್ತಿದ್ದಾಳೆ. ರೇಖಾ ಒಂದು ಹೆಜ್ಜೆ ಮುಂದೆ ಬಂದಳು.

"ನಾನರಿ ಮೇಡಂ," ಎಂದಳು. "ಬಾಗಿಲದಾಗ ನಿಂತು ಕೂಗಿದೆ. ಅವರು ನಕ್ಕಾಗ ನಾನೂ ನಕ್ಕೆ."

ಹೇಮಶ್ರೀ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೂಡಲಗಿರಿಯಪ್ಪ ಕೈಲಿದ್ದ ಸೊಪ್ಪು ಕೆಳಗಿಟ್ಟು ಕೇಳಿದ: "ದೊಡ್ಡಾಸ್ಪತ್ರೇಲೂ ಎಲ್ರ ಮುಂದೆ ಅಂಗೇ ಯೋಳ್ತಾರಾ?"

"ಇಲ್ಲರಿ. ನಾ ನಿಮ್ಮ ಕೂಡ ಇರ್ತೀನಿ. ನಿಮಗ ಬಿಟ್ಟು ಯಾರಿಗೂ ಹೇಳಗೊಡಲ್ಲ," ಎಂದಳು ರೇಖಾ.

ಅವನು ಬಂದ. ಕ್ಯಾಮೆರಾದಲ್ಲಿ ಗಡ್ಡೆ ಕಂಡಿತು. ಮೊದಲೇ ಬಂದಿದ್ದರೆ ಇಷ್ಟು ಕೊಯ್ಯಬೇಕಾಗುತ್ತಿರಲಿಲ್ಲವೇನೋ ಎಂದು ಅಲ್ಲಿಯ ಡಾಕ್ಟರು ರೇಖಾಳನ್ನೇ ಹೊರಗೆ ಕರೆದು ಹೇಳಿದರು; ಅವಳನ್ನು ಅವನ ಮನೆಯವಳೆಂದುಕೊಂಡಿದ್ದರು. ಕರುಳಿನ ಒಂದು ಭಾಗ ತೆಗೆದರು. ಜೀವ ಉಳಿಯಿತು. ಆದರೆ ಮಲ ಹೋಗಲು ಹೊಟ್ಟೆಯ ಪಕ್ಕಕ್ಕೆ ಒಂದು ಚೀಲ ಅಂಟಿಸಿ ಕಳಿಸಿದರು.

ಈಗ ರಕ್ತ ಕಂಡವರಿದ್ದರೆ ರೇಖಾ ಅವರ ಮನೆಗೇ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು ಹೇಳುತ್ತಾಳೆ. ಡಬ್ಬಿಗಳಲ್ಲಿ ಅವಳು ಹಿಂದೆ ಬಿದ್ದಿದ್ದಾಳೆ. ರಕ್ತ ಕಂಡೂ ಆಸ್ಪತ್ರೆಗೆ ಹೋಗದೆ ಉಳಿದವರು ಅವಳ ಓಣಿಗಳಲ್ಲಿ ಈಗ ಒಬ್ಬರೂ ಇಲ್ಲ. ಆದರೂ ಯಾರಾದರೂ ಹೊಗಳಿದರೆ ಅವಳಿಗೆ ಮೈ ಮುದುಡುತ್ತದೆ.

ಮೂಡಲಗಿರಿಯಪ್ಪನನ್ನು ನೋಡಿಬರಲು ಆಗಾಗ ಬಸ್ಸು ಹತ್ತುತ್ತಾಳೆ. ಕಳೆದ ಸಲ ಪಾಪಕ್ಕ ಮುದ್ದೆ ಬಡಿಸಿದ್ದಳು. ಉಣ್ಣುತ್ತಿರುವಾಗಲೇ ಅವನು ಹೊಟ್ಟೆ ಹಿಡಿದು ಎದ್ದು, ಚೀಲ ಬದಲಿಸಲು ಒಳಮನೆಗೆ ಹೋಗಿ ಪರದೆ ಎಳೆದುಕೊಂಡ. ರೇಖಾ ಎಲೆ ಬಿಟ್ಟೆದ್ದು ಅಂಗಳ ದಾಟಿ, ಸದ್ದು ಕೇಳದಷ್ಟು ದೂರದ ಹುಣಸೆಮರದ ಕೆಳಗೆ ಬೆನ್ನು ತಿರುಗಿಸಿ ನಿಂತಳು. ಪಾಪಕ್ಕ ಬಂದು ಕೈ ಹಿಡಿಯುವ ತನಕ ಅಲ್ಲಿಂದ ಕದಲಲಿಲ್ಲ.