ವಿಭೂತಿ ಹಚ್ಚಿದ ಮುಖಗಾಜು

ನ್ಯಾಮತಿಯ ಒಂದು ಓಣಿಯಲ್ಲಿ ರಸ್ತೆ ಅಗಲ ಮಾಡುವಾಗ ಹಳೇ ಹುಣಸೆ ಮರ ಕಡಿದರು. ಮರವೇನೋ ಹೋಯಿತು, ಬೊಡ್ಡೆ ಮಾತ್ರ ರಸ್ತೆಯಂಚಿನಲ್ಲೇ ಉಳಿಯಿತು. ಬೈಕಿನವರು ಗುದ್ದಿಕೊಂಡರು, ಹಾಲು ತರುವ ಅಜ್ಜಿ ಎಡವಿ ಬಿದ್ದಳು. ಎಲ್ಲರೂ ಬೈದರು, ಯಾರೂ ತೆಗೆಸಲಿಲ್ಲ. ನಮ್ಮ ಕಡೆ ಇದೇನು ಹೊಸದಲ್ಲ ಬಿಡಿ. ಕೊನೆಗೆ ಓಣಿಯವರೇ ಸೇರಿ ಬಿಳಿಚೋಡಿನಿಂದ ಜಂಪಣ್ಣನನ್ನು ಕರೆಸಿದರು.

ಜಂಪಣ್ಣನ ಹತ್ತಿರ ಬೊಡ್ಡೆ ಅರೆಯುವ ಯಂತ್ರ ಇದೆ. ಹಲ್ಲುಗಳಿರುವ ಉಕ್ಕಿನ ಚಕ್ರ ಗಿರ್ರನೆ ತಿರುಗಿ ಎಂಥ ಬೊಡ್ಡೆಯನ್ನೂ ಪುಡಿ ಮಾಡುತ್ತದೆ. ಅದನ್ನು ನಡೆಸುವವನು ಕೆಂಚೇಶ. ಕೊಂಬೆ ಕಡಿಯಲು ಮರ ಹತ್ತುವುದರಲ್ಲೂ ಅವನದೇ ಮೇಲುಗೈ. ಅವನ ಹೆಂಡತಿ ಶೈಲಾ ಉದುರಿದ ಪುಡಿಯನ್ನು ಬಳಿದು ಚೀಲಕ್ಕೆ ತುಂಬುತ್ತಾಳೆ. ಇಷ್ಟೇ ಅವರ ತಂಡ.

ಆಯುಧ ಪೂಜೆ ಮುಗಿದು ಕೆಲವೇ ದಿನ ಆಗಿತ್ತು. ಜಂಪಣ್ಣ ದೈವಭಕ್ತ. ಯಂತ್ರ, ಗರಗಸ, ಕೊಡಲಿ, ಹಗ್ಗ ಎಲ್ಲಕ್ಕೂ ಪೂಜೆ ಮಾಡಿದ್ದ. ಚೂರು ಹಾರಿದರೆ ತಡೆಯಲೆಂದು ಮುಖಕ್ಕೆ ಹಾಕಿಕೊಳ್ಳುವ ಪಾರದರ್ಶಕ ಗಾಜನ್ನೂ ಬಿಟ್ಟಿರಲಿಲ್ಲ. ಅದರ ನಟ್ಟನಡುವೆ ವಿಭೂತಿ ಕಲಸಿ ಮೂರು ಬೆರಳಲ್ಲಿ ದಪ್ಪಗೆ ಎಳೆದು, ಮೇಲೆ ಕುಂಕುಮ ಇಟ್ಟಿದ್ದ. ಒಳಗಿನಿಂದ ನೋಡಿದರೆ ಬೊಡ್ಡೆಯೂ ಕಾಣದು, ಚಕ್ರವೂ ಕಾಣದು. ಕೆಂಚೇಶ ಗಾಜನ್ನು ಹಣೆಯ ಮೇಲಕ್ಕೆ ಎತ್ತಿ, ಬರಿಗಣ್ಣಲ್ಲಿ ಕೆಲಸಕ್ಕೆ ನಿಂತ.

ಆ ಓಣಿಯ ಆಶಾ ಕಾರ್ಯಕರ್ತೆ ಪುಷ್ಪಾವತಿ ಅಂಗನವಾಡಿಗೆ ಹೊರಟಿದ್ದವಳು ನಿಂತು ನೋಡಿದಳು.

"ಏನ್ರಿ ಅಣ್ಣ, ತಲಿ ಮ್ಯಾಲೆ ಬಾಸಿಂಗ ಕಟ್ಕಂಡೀರಿ? ಮದುವಿ ಯಾರ ಜೊತೆಗೆ, ಬೊಡ್ಡೆ ಜೊತೆಗಾ?"

ಶೈಲಾ ಕಿಸಕ್ಕನೆ ನಕ್ಕಳು. "ಹೂಂ ಕಣಕ್ಕ, ಮನ್ಯಾಗೆ ನಾನು ಸಾಕಾಗಿಲ್ಲಂತೆ."

"ನೀನು ಮಾತಾಡ್ತೀಯ, ಬೊಡ್ಡೆ ಸುಮ್ನೆ ಇರ್ತೈತೆ," ಎಂದ ಕೆಂಚೇಶ.

"ನಗೋ ಮಾತಲ್ಲ ಇದು. ಗಾಜು ಇಳಿಸಿ ಕೆಲಸ ಮಾಡ್ರಿ," ಎಂದಳು ಪುಷ್ಪಾವತಿ.

"ಹೆಂಗೆ ಇಳಿಸ್ಲಿ? ಏನೂ ಕಾಣಂಗಿಲ್ಲ."

"ಒರೆಸ್ರಿ ಮತ್ತೆ."

ಜಂಪಣ್ಣ ನಡುವೆ ಬಾಯಿ ಹಾಕಿದ. "ಪೂಜೆ ಮಾಡಿದ್ದನ್ನ ಒರೆಸಬಾರದು ಕಣಮ್ಮ. ದೀಪಾವಳಿ ತನಕ ಇರ್ಲಿ. ದೇವ್ರು ಅದಾನೆ ನೋಡ್ಕಣಾಕೆ."

"ದೇವ್ರೇ ಅಲ್ವೇನಣ್ಣ ಆ ಗಾಜು ಮಾಡಾ ಬುದ್ಧಿ ಕೊಟ್ಟಿದ್ದು?"

"ನೀನು ಪೋಲಿಯೋ ಹನಿ ಹಾಕಾಕೆ ಹೋಗವ್ವ. ಇದು ನಮ್ಮ ಕಸುಬು."

ಪುಷ್ಪಾವತಿಗೆ ಸಿಟ್ಟು ಬಂತು. ಅಂಗನವಾಡಿಯಲ್ಲಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಅವಳು ಹೋದಳು.

ಅದೇ ಹುಣಸೆ ಮರದ ಕೆಳಗೆ ಒಂದು ಕಾಲಕ್ಕೆ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಹಗ್ಗ ಬಿಗಿಯಲು ಕಾಂಡಕ್ಕೇ ಮೊಳೆ ಹೊಡೆಯುತ್ತಿದ್ದರು. ಮರ ಬೆಳೆಯುತ್ತಾ ಆ ಮೊಳೆಗಳನ್ನು ತನ್ನೊಳಗೆ ನುಂಗಿಕೊಂಡಿತ್ತು. ಹೊರಗಿನಿಂದ ನೋಡಿದರೆ ಬರೀ ತೊಗಟೆ. ಚಕ್ರ ಬೊಡ್ಡೆಯ ಒಳಗೆ ಇಳಿಯುತ್ತಿದ್ದಂತೆ ಟಣ್ ಎಂದು ಸದ್ದಾಯಿತು. ಕೆಂಚೇಶ ಯಂತ್ರದ ಹಿಡಿ ಬಿಟ್ಟು ಮುಖ ಹಿಡಿದುಕೊಂಡು ಕುಳಿತುಬಿಟ್ಟ.

"ಏನಾತಲೇ?"

"ಕಣ್ಣಾಗೆ ಏನೋ ಬಿತ್ತಣ್ಣ."

ಜಂಪಣ್ಣ ಕೆಟ್ಟವನಲ್ಲ. ಗಾಬರಿಯಲ್ಲಿ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿದ. ರೆಪ್ಪೆ ಎತ್ತಿ ಉಫ್ ಎಂದು ಊದಿದ. ಟವೆಲಿನ ತುದಿಯನ್ನು ಹುರಿ ಮಾಡಿ ಕಣ್ಣೊಳಗೆ ಆಡಿಸಿದ. ಪಕ್ಕದ ಮನೆಯಿಂದ ಹರಳೆಣ್ಣೆ ಇಸಿದುಕೊಂಡು ಕಣ್ಣಿಗೆ ಬಿಟ್ಟ. "ಮರದ ಪುಡಿ ಬಿದ್ದೈತೆ, ಉಜ್ಜಿಕೋ, ಕಣ್ಣೀರಾಗೆ ಬರ್ತೈತೆ," ಎಂದ. ಕೆಂಚೇಶ ಉಜ್ಜಿಕೊಂಡ. ಪಾಪ, ಹೇಳಿದ್ದೆಲ್ಲ ಮಾಡಿದ.

"ಅಣ್ಣ, ಆಸ್ಪತ್ರಿಗೆ ಹೋಗಾಣ," ಎಂದು ಶೈಲಾ ಅತ್ತಳು.

"ಕಸಕ್ಕೆಲ್ಲ ಯಾರಾದ್ರೂ ದಾವಣಗೆರಿಗೆ ಹೋಗ್ತಾರಾ? ನೆರಳಾಗೆ ಮಲಗಿಸು, ಕಡಿಮೆ ಆಗ್ತೈತೆ."

ಮಧ್ಯಾಹ್ನ ಪುಷ್ಪಾವತಿ ವಾಪಸು ಬಂದಾಗ ಕೆಂಚೇಶ ಮರದ ಪುಡಿಯ ಚೀಲಕ್ಕೆ ತಲೆಯಿಟ್ಟು ನರಳುತ್ತಿದ್ದ. ಅವಳು ಬಗ್ಗಿ ಅವನ ಕಣ್ಣು ನೋಡಿದಳು.

"ಇನ್ನು ಯಾರೂ ಮುಟ್ಟಬ್ಯಾಡ್ರಿ! ಉಜ್ಜಬ್ಯಾಡ್ರಿ, ನೀರೂ ಹಾಕಬ್ಯಾಡ್ರಿ. ಒಳಗೆ ಏನು ಚುಚ್ಚೈತೋ!"

ಚಹಾ ಅಂಗಡಿಯಿಂದ ಒಂದು ಹೊಸ ಕಾಗದದ ಲೋಟ ತಂದು, ಕಣ್ಣಿಗೆ ತಾಗದಂತೆ ಬೋರಲಾಗಿ ಇಟ್ಟು ಅಂಟುಪಟ್ಟಿ ಹಚ್ಚಿದಳು. ಆಂಬುಲೆನ್ಸಿಗೆ ಫೋನ್ ಮಾಡಿ, ತಾನೂ ಜೊತೆಗೆ ಹತ್ತಿದಳು. ಶೈಲಾ, ಜಂಪಣ್ಣ ಇಬ್ಬರೂ ಹತ್ತಿದರು.

ಒಳಹೊಕ್ಕಿದ್ದು ಮರದ ಪುಡಿಯಲ್ಲ, ಮೊಳೆಯ ಚೂರು. ದಾವಣಗೆರೆಯ ಕಣ್ಣಿನ ವೈದ್ಯರು ತೆಗೆದರು. "ಗಾಯ ಮೊದಲೇ ದೊಡ್ಡದು. ಅದರ ಮೇಲೆ ಉಜ್ಜಿದ್ದೀರಿ, ಎಣ್ಣೆ ಬಿಟ್ಟಿದ್ದೀರಿ, ತಡ ಮಾಡಿದ್ದೀರಿ," ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಾಗಿತ್ತು. ಆ ಕಣ್ಣಿಗೆ ಮತ್ತೆ ಬೆಳಕು ಬರಲಿಲ್ಲ.

ದೀಪಾವಳಿ ಕಳೆದ ಮೇಲೆ ಜಂಪಣ್ಣ ಕೆಂಚೇಶನ ಮನೆಗೆ ಹೋದ. ಕೆಂಚೇಶ ತಾನೇ ಎದ್ದು ಚಹಾ ಬಗ್ಗಿಸಲು ಹೋದ. ಚಹಾ ಲೋಟದೊಳಗೆ ಬೀಳದೆ ಪಕ್ಕದ ನೆಲಕ್ಕೆ ಸುರಿಯಿತು. ಒಂದೇ ಕಣ್ಣಿಗೆ ಹತ್ತಿರ ಯಾವುದು, ದೂರ ಯಾವುದು ಎಂಬ ಅಂದಾಜು ಇನ್ನೂ ಸಿಕ್ಕಿರಲಿಲ್ಲ. ಶೈಲಾ ಬಟ್ಟೆ ತಂದು ಒರೆಸಿದಳು.

"ಇನ್ನ ಮರ ಹತ್ತಾಕೆ ಆಗಾಂಗಿಲ್ಲಣ್ಣ," ಎಂದ ಕೆಂಚೇಶ. "ಕೊಂಬಿ ಅಂತ ಕೈ ಹಾಕಿದ್ರೆ ಅಲ್ಲಿ ಕೊಂಬಿ ಇರಾಂಗಿಲ್ಲ."

ಜಂಪಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. "ಎಲ್ಲಾ ಹಣೆಬರಹ ಕಣಪ್ಪ."

ಶೈಲಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಎತ್ತಿ ತೋರಿಸಿದಳು. "ಹಣೆಬರಹ ಅನ್ನಬ್ಯಾಡಣ್ಣ. ಒಂದು ಒದ್ದೆ ಬಟ್ಟಿ ಸಾಕಿತ್ತು. ದೇವ್ರು ಏನು, ಕಾಣೋ ಜಾಗದಾಗೇ ವಿಭೂತಿ ಹಚ್ಚು ಅಂದಿದ್ನಾ? ಹಿಡಿಕಿಗೆ ಹಚ್ಚಿದ್ರೆ ಒಲ್ಲೆ ಅಂತಿದ್ನಾ?"

ಜಂಪಣ್ಣ ಮುಖದಿಂದ ಟವೆಲು ತೆಗೆದ. "ತಪ್ಪಾತವ್ವ," ಎಂದ.

ಮರುವಾರ ಹೊನ್ನಾಳಿಯಲ್ಲಿ ಕೆಲಸವಿತ್ತು. ಯಂತ್ರ ನಡೆಸಲು ಜಂಪಣ್ಣನೇ ನಿಂತ. ಮೊದಲು ಬೊಡ್ಡೆಯ ಸುತ್ತಮುತ್ತಲಿನ ಹಿರಿಯರನ್ನು ಕೇಳಿದ, "ಈ ಮರಕ್ಕೆ ಮೊಳೆ ಹೊಡೆದಿದ್ರಾ, ತಂತಿ ಕಟ್ಟಿದ್ರಾ?" ನೋಡುತ್ತ ನಿಂತವರನ್ನು ದೂರ ಕಳಿಸಿದ. ಕಣ್ಣು ಕಾಯುವ ಕನ್ನಡಕ ಹಾಕಿ, ಅದರ ಮೇಲೆ ಶುಭ್ರವಾದ ಗಾಜನ್ನು ಗದ್ದದವರೆಗೆ ಇಳಿಸಿದ. ಯಾರೋ ಒಬ್ಬರು, "ಏನಣ್ಣ, ಇಷ್ಟಕ್ಕೆಲ್ಲ ಹೆದರ್ತೀಯಾ?" ಎಂದು ನಕ್ಕರು. ಅವನು ಯಂತ್ರ ಶುರು ಮಾಡಿದ.

ಮರ ಕಡಿಯುವ, ಬೊಡ್ಡೆ ಅರೆಯುವ, ಕಲ್ಲು ಒಡೆಯುವ, ವೆಲ್ಡಿಂಗ್ ಮಾಡುವ ಅಣ್ಣಂದಿರೇ, ಅವರ ಮನೆಯ ಅಕ್ಕಂದಿರೇ, ಪೂಜೆ ಬೇಡ ಎಂದು ಯಾರೂ ಹೇಳುವುದಿಲ್ಲ. ವಿಭೂತಿಯನ್ನು ಯಂತ್ರದ ಮೈಗೆ ಹಚ್ಚಿ, ಕಣ್ಣು ಕಾಯುವ ಗಾಜಿಗೆ ಬೇಡ. ಹಚ್ಚಿದ್ದರೆ ಕೈ ಮುಗಿದು ಒರೆಸಿ, ಆಮೇಲೆ ಕೆಲಸಕ್ಕೆ ಇಳಿಯಿರಿ. ಕಣ್ಣಿಗೆ ಏನಾದರೂ ಚುಚ್ಚಿದರೆ ಉಜ್ಜಬೇಡಿ, ಕೀಳಬೇಡಿ, ಎಣ್ಣೆ ಬಿಡಬೇಡಿ. ತಾಗದಂತೆ ಮುಚ್ಚಿ, ಆ ಕ್ಷಣವೇ ಕಣ್ಣಿನ ಆಸ್ಪತ್ರೆಗೆ ಹೊರಡಿ.

ಇದನ್ನು ಬರೆದು ಮುಗಿಸಿ ಕೆಂಚೇಶನಿಗೆ ಓದಿ ಹೇಳಿದೆ. ಹೆಸರು ಬದಲಿಸಲೇ ಎಂದು ಕೇಳಿದೆ. ಅವನು ತಲೆಯಾಡಿಸಿ ಹೀಗೆಂದ:

"ಬ್ಯಾಡ್ರಿ, ನನ್ನ ಹೆಸರೇ ಇರ್ಲಿ. ಯಾರದೋ ಕಥೆ ಅಂದ್ರೆ ನಮ್ಮೋರು ಕೇಳಾಂಗಿಲ್ಲ. ನಮ್ಮ ಕೆಂಚೇಶನ ಕಣ್ಣು ಹೋತು ಅಂದ್ರೆ ಕೇಳ್ತಾರೆ."