ಮನೆಯವರಿಗೆ ಜೆಪೆಗ್ ಸಾಕು

ಕ್ಯಾಮೆರಾದಿಂದ ಕಾರ್ಡ್ ಹೊರತೆಗೆಯಲು ಹೋಗಿ ತಮ್ಮ ಅದನ್ನು ಮತ್ತೆ ಬೀಳಿಸಿದ. ಸ್ಟುಡಿಯೋದ ಕೆಳಗೇ ಮನೆ; ಅಲ್ಲಿನ ಹಜಾರದಲ್ಲಿ ಅಣ್ಣನನ್ನು ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ಇನ್ನೇನು ಬರುವುದಿತ್ತು. ಊರಿನವರ ಮುಖವನ್ನೆಲ್ಲ ಸೆರೆಹಿಡಿದ ಫೋಟೋಗ್ರಾಫರನ ತಲೆಯ ಬಳಿ ಇಡಲು ಅವನದೇ ಒಂದು ಫೋಟೋ ಇರಲಿಲ್ಲ.

"ಗುರುತಿನ ಚೀಟಿಯಲ್ಲಿರೋದನ್ನೇ ದೊಡ್ಡದು ಮಾಡಿದ್ರೆ, ಚಿಕ್ಕಪ್ಪ?" ಎಂದಳು ಅಣ್ಣನ ಮಗಳು.

"ಅದ್ರಲ್ಲಿ ನಿಮ್ಮಪ್ಪ ಕಳ್ಳನ ಥರ ಇದಾರೆ," ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದಳು. "ಹೋದ ತಿಂಗಳು ನಾನು ತೆಗೆದಿದ್ದು ಇದೆಯಲ್ಲ, ಅದೇ ಬೇಕು."

"ಅದು ಕಪ್ಪಗೆ ಬಂದಿದೆ ಅತ್ತಿಗೆ. ಕಿಟಕಿ ಮುಂದೆ ಕೂರಿಸಿ ತೆಗೆದಿದೀರಿ."

"ಅವ್ರೂ ಅದನ್ನೇ ಹೇಳಿದ್ರು. ಬೆಳಕು ಮಾಡೋಕಾಗಲ್ವಾ?"

"ರಾ ಫೈಲ್ ಆಗಿದ್ರೆ ಆಗುತ್ತೆ. ಜೆಪೆಗ್ ಆಗಿದ್ರೆ..." ಅವನು ಬಗ್ಗಿ ಕಾರ್ಡ್ ಎತ್ತಿ ಕಂಪ್ಯೂಟರಿಗೆ ಹಾಕಿದ.

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಜೆಪೆಗ್ ಅವಳಿಗೆ ಸವತಿಯಷ್ಟು ಪರಿಚಿತ.

*

ಬಂದ ಗಿರಾಕಿಗಳನ್ನೆಲ್ಲ ಅಣ್ಣ ರಾ ಫೈಲಿನಲ್ಲೇ ತೆಗೆಯುತ್ತಿದ್ದ. ಕ್ಯಾಮೆರಾ ಕಂಡದ್ದನ್ನೆಲ್ಲ, ಕತ್ತಲಲ್ಲಿದ್ದುದನ್ನೂ, ಜೋಪಾನವಾಗಿ ಇಟ್ಟುಕೊಳ್ಳುವ ಫೈಲು ಅದು. ಜಾಗ ಮಾತ್ರ ವಿಪರೀತ ತಿನ್ನುತ್ತದೆ. ಜೆಪೆಗ್ ಹಾಗಲ್ಲ, ಬೇಡವೆನಿಸಿದ್ದನ್ನು ಅಲ್ಲೇ ಎಸೆದು ಚಿಕ್ಕದಾಗುತ್ತದೆ. ಮನೆಯವರು ಎದುರಿಗೆ ನಿಂತರೆ ಸಾಕು, ಅವನ ಬೆರಳು ಜೆಪೆಗ್‌ಗೆ ಹೋಗುತ್ತಿತ್ತು.

"ಊರಿಗೆಲ್ಲ ಉಗ್ರಾಣದ ಕೀಲಿಕೈ, ನಮಗೆ ಬಡಿಸಿದಷ್ಟು," ಎಂದು ಹೆಂಡತಿ ಚುಚ್ಚುತ್ತಿದ್ದಳು.

"ಮನೆಯವ್ರು ಎಲ್ಲಿಗೆ ಹೋಗ್ತೀರಿ ಕಣೇ? ಕೆಟ್ರೆ ಇನ್ನೊಂದ್ಸಲ ತೆಗೆದ್ರಾಯ್ತು."

ಹೋದ ತಿಂಗಳು ಅವಳು ಹಟ ಮಾಡಿ ಕ್ಯಾಮೆರಾ ಕಿತ್ತುಕೊಂಡಾಗ, "ತಾಳು ತಾಳು," ಎಂದು ವಾಪಸು ಇಸಿದುಕೊಂಡು, ಏನೋ ಒತ್ತಿ ಕೊಟ್ಟಿದ್ದ. ಏನೆಂದು ಅವಳು ಕೇಳಿರಲಿಲ್ಲ.

*

"ಜೆಪೆಗ್‌ಗೇ ಹಾಕಿರ್ತಾರೆ," ಎಂದಳು ಅತ್ತಿಗೆ. "ಹುಟ್ಟುಗುಣ ಸುಟ್ರೂ..." ಎಂದವಳೇ ನಾಲಿಗೆ ಕಚ್ಚಿಕೊಂಡಳು.

ಬೀದಿಯಲ್ಲಿ ವ್ಯಾನಿನ ಹಾರನ್ ಕೇಳಿತು. "ಇನ್ನೂ ಆಗ್ಲಿಲ್ವೇನ್ರೋ?" ಎಂದು ಕೆಳಗಿನಿಂದ ಯಾರೋ ಕೂಗಿದರು. ಕಂಪ್ಯೂಟರ್ ಕಾರ್ಡನ್ನು ಓದುತ್ತಲೇ ಇತ್ತು. ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಫೈಲಿನ ಹೆಸರು ಪರದೆಯ ಮೇಲೆ ಬಂತು.

"ರಾ," ಎಂದ ತಮ್ಮ. ಇನ್ನೊಮ್ಮೆ ಹೇಳಿದ, "ರಾ ಅತ್ತಿಗೆ, ರಾನೇ ಹಾಕಿದಾನೆ."

ಅವನು ಬೆಳಕನ್ನು ಮೆಲ್ಲಗೆ ಏರಿಸುತ್ತ ಹೋದ. ಮೊದಲು ಕುರ್ಚಿಯ ಅಂಚು, ಆಮೇಲೆ ಹೆಗಲು, ಕಿವಿ, ಕೊನೆಗೆ ಮುಖ. ಚಿತ್ರ ಒಂದಿಷ್ಟು ತರಿತರಿ, ಆದರೆ ಅಣ್ಣನೇ. ಉಸಿರು ಬಿಡಿ, ಸಹಜವಾಗಿರಿ ಎಂದು ಊರಿಗೆಲ್ಲ ಹೇಳುತ್ತಿದ್ದವನು ಹೊಟ್ಟೆ ಒಳಗೆಳೆದುಕೊಂಡು, ಉಸಿರು ಬಿಗಿಹಿಡಿದು, ಸ್ಕೂಲಿನ ಹುಡುಗನ ಹಾಗೆ ಸೆಟೆದು ಕುಳಿತಿದ್ದ. ಅತ್ತಿಗೆಗೆ ನಗು ಬಂತು. ಹಿಂದೆಯೇ ಅಳುವೂ ಬಂತು.

ತಮ್ಮ ಇನ್ನಷ್ಟು ಬೆಳಕು ಏರಿಸಿದ. ತೊಡೆಯ ಮೇಲೆ, ಅಂಗೈ ಕೆಳಗೆ ಹೆಂಡತಿಗೆ ಕಾಣದಂತೆ ಬಚ್ಚಿಟ್ಟುಕೊಂಡಿದ್ದ ಬಾಚಣಿಗೆಯ ತುದಿ ಕಾಣಿಸಿತು.