ಧಾರಕೋಟದ ತಿರುಗುಕುರ್ಚಿ

ಧಾರಕೋಟ ಪಟ್ಟಣ ಪಂಚಾಯಿತಿಯಲ್ಲಿ ಹೇಳಿಕೊಳ್ಳುವಂಥದ್ದು ಎಂದರೆ ಅಧ್ಯಕ್ಷರ ತಿರುಗುಕುರ್ಚಿ ಒಂದೇ. ಹೇಸರಗತ್ತೆಯ ಬೆನ್ನೇರಿ ಬೆಟ್ಟ ಹತ್ತಿದ ಆ ಕುರ್ಚಿಯಲ್ಲಿ ಕುಂದನ್ ಸಿಂಗ್ ಬೋರಾ ಕೂತಿರುತ್ತಿದ್ದ. ಅರ್ಜಿ ಹಿಡಿದವರು ಎಡಕ್ಕೆ ನಿಂತರೆ ಬಲಕ್ಕೆ ತಿರುಗುತ್ತಿದ್ದ, ಬಲಕ್ಕೆ ನಿಂತರೆ ಎಡಕ್ಕೆ. ಕೆಳಗಿನ ತಿರುವಿನಲ್ಲಿ ಚಹಾದಂಗಡಿ ಇಟ್ಟಿದ್ದ ಮುದುಕಿ ಹಂಸಾ ಆಮಾ ಒಂದು ಬೀದಿದೀಪಕ್ಕಾಗಿ ಅಲೆದೂ ಅಲೆದೂ ಚಪ್ಪಲಿ ಸವೆಸಿಕೊಂಡಿದ್ದಳು.

"ನಿನ್ನಂಗ್ಡಿ ನಮ್ಮ ಗಡಿ ಆಚೆ ಬರುತ್ತೆ ಆಮಾ. ನೋಡೋಣ, ನಾಳೆ ಬಾ."

"ನಿನ್ನ ನಾಳೆಗೆ ಕಾಲು ಮುರ್ದಿದ್ಯೇನೋ ಕುಂದನಾ?"

ಅಷ್ಟರಲ್ಲಿ ಸರ್ಕಾರದ ಆದೇಶ ಬಂತು. ಜನರೆಲ್ಲ ಬಯಲಿನ ನಗರಗಳಿಗೆ ಇಳಿದು ಬೆಟ್ಟದ ಊರುಗಳು ಖಾಲಿಯಾಗುತ್ತಿವೆ. ಗೊತ್ತುಪಡಿಸಿದ ಒಂದು ರಾತ್ರಿ ತಲೆ ಎಣಿಸಲಾಗುವುದು. ಯಾರು ಎಲ್ಲಿ ಮಲಗಿದ್ದಾರೋ ಅಲ್ಲಿಯವರೇ. ಮಂದಿ ಸಾಲದಿದ್ದರೆ ಪಟ್ಟಣ ಮತ್ತೆ ಹಳ್ಳಿಯಾಗುತ್ತದೆ.

"ಹಳ್ಳಿಗೆ ತಿರುಗೋ ಕುರ್ಚಿ ಕೊಡಲ್ವಂತೆ," ಎಂದಳು ಹೆಂಡತಿ ಲಛಿಮಾ, ಗಾಯಕ್ಕೆ ಉಪ್ಪು ಸವರುತ್ತಾ.

ಕುಂದನ್ ಮಗಳು ಖಷ್ಟಿಯ ಮದುವೆಯನ್ನು ಅದೇ ದಿನಕ್ಕೆ ಗೊತ್ತು ಮಾಡಿದ. ಗಂಡು, ಪಕ್ಕದ ಬಾಂಜಖೇತ ಪಟ್ಟಣದ ಅಧ್ಯಕ್ಷ ಜಮನ್ ಸಿಂಗನ ಮಗ. ದಿಬ್ಬಣಕ್ಕೆ ಬಂದ ಬಾಂಜಖೇತದವರೆಲ್ಲ ರಾತ್ರಿ ತಂಗಲೇಬೇಕು, ತಂಗಿದರೆ ಲೆಕ್ಕಕ್ಕೆ ಸಿಕ್ಕಿದ ಹಾಗೆ!

ಆದರೆ ಊಟ ಮುಗಿದದ್ದೇ ಜಮನ್ ಸಿಂಗ್ ಎದ್ದು ನಿಂತ. "ಬೀಗ್ರೇ, ಹೊರಡ್ತೀವಿ. ಕತ್ತಲಾಗೋದ್ರೊಳಗೆ ಊರು ಸೇರ್ಬೇಕು."

"ಛೆ ಛೆ, ಇದ್ದು ನಾಳೆ ಹೋಗಿ ಬೀಗ್ರೇ."

"ತಲೆ ಎಣಿಸೋರು ನಮ್ಮೂರಿಗೂ ಬರ್ತಾರಲ್ಲ!"

ಕುಂದನ್ ಸಿಂಗ್ ಮೊದಲೇ ದಿಬ್ಬಣದ ಬಸ್ಸಿನ ಚಕ್ರದ ಗಾಳಿ ತೆಗೆಸಿದ್ದ. ಜಮನ್ ಸಿಂಗ್ ಅದಕ್ಕೂ ಜಗ್ಗಲಿಲ್ಲ. "ನಡ್ಕೊಂಡೇ ಹೋಗೋಣ! ಧಾರಕೋಟದೋರೂ ಬನ್ರಪ್ಪಾ, ನಮ್ಮಲ್ಲಿ ಬಾಡೂಟ!" ಎಂದು ಕೂಗಿದ.

ಜಿಪುಣ ಕುಂದನ್ ಮದುವೆಯೂಟಕ್ಕೆ ಬರೀ ಕಾಳಿನ ಸಾರು ಬಡಿಸಿದ್ದ. ಇನ್ನು ಕೇಳಬೇಕೆ? ಮುಂದೆ ಕತ್ತಿ ಗುರಾಣಿ ಹಿಡಿದು ಕುಣಿಯುವ ಛೋಲಿಯಾದವರು, ನಡುವೆ ಮದುಮಗಳ ಪಲ್ಲಕ್ಕಿ, ಹಿಂದೆ ಪುರೋಹಿತ, ಪಂಚಾಯಿತಿ ಕಾವಲುಗಾರ, ಕೊನೆಗೆ ಲಛಿಮಾ ಕೂಡ! ಊರಿಗೆ ಊರೇ ಹೊರಟಿತು. ಕುಂದನ್ ಪೇಟ ಕೈಯಲ್ಲಿ ಹಿಡಿದು ಹಿಂದೆ ಓಡಿದ.

"ನಿಲ್ರೋ! ನಮ್ಮೂರು ಹಳ್ಳಿಯಾಗಿಬಿಡುತ್ತೆ!"

"ಆಗ್ಲಿ ಬಿಡಿ ಅಧ್ಯಕ್ಷ್ರೇ, ಮಾಂಸ ತಣ್ಣಗಾಗುತ್ತೆ!"

ಹಂಸಾ ಆಮಾಳ ಅಂಗಡಿ ಹತ್ತಿರ ಬರುವಷ್ಟರಲ್ಲಿ ಮಳೆ ಹೊಡೆಯಿತು. ಮುಂದೆ ಗುಡ್ಡ ಜರಿದು ರಸ್ತೆ ಮುಚ್ಚಿತು. ನೋಡನೋಡುತ್ತಿದ್ದಂತೆ ಹಿಂದೆಯೂ ಜರಿಯಿತು. ಯಾರಿಗೂ ಏನೂ ಆಗಲಿಲ್ಲ, ಆದರೆ ಯಾರೂ ಎಲ್ಲಿಗೂ ಹೋಗುವಂತಿರಲಿಲ್ಲ. ಎರಡೂ ಊರಿನವರು ಆಮಾಳ ಅಂಗಡಿ, ಅಟ್ಟ, ಆಡಿನ ಕೊಟ್ಟಿಗೆಗಳಲ್ಲಿ ಒತ್ತಿಕೊಂಡು ಕೂತರು. ತಲೆ ಎಣಿಸಲು ಧಾರಕೋಟಕ್ಕೆ ಹೊರಟಿದ್ದ ಅಧಿಕಾರಿಯೂ ಅಲ್ಲೇ ಸಿಕ್ಕಿಬಿದ್ದು ಒಲೆಯ ಮುಂದೆ ಕಾಲುಚೀಲ ಒಣಗಿಸುತ್ತಿದ್ದ. ಆಮಾ ಹುರಿದುಕೊಟ್ಟ ಆಲೂಗಡ್ಡೆ ತಿಂದು, ಪುಸ್ತಕ ತೆರೆದು ಎಣಿಸತೊಡಗಿದ.

"ಸಾರ್, ಇವ್ರೆಲ್ಲ ನಮ್ಮೂರೋರು!" ಕುಂದನ್ ಅಂಗಲಾಚಿದ.

"ಇಲ್ಲಿ ಮಲಗ್ತಿದಾರೆ, ಇಲ್ಲಿಯೋರೇ. ನೀವೂ ಇಲ್ಲೇ ಮಲಗ್ತೀರಲ್ಲಾ? ಹೆಸ್ರು ಹೇಳಿ."

ಹೀಗೆ ಧಾರಕೋಟವೂ ಹಳ್ಳಿಯಾಯಿತು, ಬಾಂಜಖೇತವೂ ಹಳ್ಳಿಯಾಯಿತು. ಚಹಾದಂಗಡಿಯ ತಿರುವು ಪಟ್ಟಣ ಪಂಚಾಯಿತಿಯಾಯಿತು. ಚುನಾವಣೆಯ ಹೊತ್ತಿಗೆ ಅಲ್ಲಿದ್ದವಳು ಹಂಸಾ ಆಮಾ ಒಬ್ಬಳೇ, ಅವಿರೋಧವಾಗಿ ಆಯ್ಕೆಯಾದಳು. ತಿರುಗುಕುರ್ಚಿ ಹೇಸರಗತ್ತೆ ಏರಿ ಕೆಳಗಿಳಿಯುವಾಗ ಕುಂದನ್ ಸಿಂಗ್ ಗೊಳೋ ಎಂದು ಅತ್ತ. ನೋಡಿದವರಿಗೂ ಪಾಪ ಅನಿಸಿತು.

ಮುಂದಿನ ತಿಂಗಳು ಧಾರಕೋಟದ ಬೀದಿದೀಪ ಕೆಟ್ಟಿತು. ಕುಂದನ್ ಅರ್ಜಿ ಹಿಡಿದು ಇಳಿದು ಬಂದ. ಆಮಾ ಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಎಡಕ್ಕೆ ನಿಂತ. ಅವಳು ಬಲಕ್ಕೆ ತಿರುಗಿದಳು.

"ನಿಮ್ಮೂರು ನಮ್ಮ ಗಡಿ ಆಚೆ ಬರುತ್ತಲ್ಲೋ ಕುಂದನಾ. ನೋಡೋಣ, ನಾಳೆ ಬಾ."

ಕುಂದನ್ ಮುಖ ಸಿಂಡರಿಸಿ ಅರ್ಜಿ ಮಡಚಿದ. ಬೆಂಚಿನ ಮೇಲೆ ಅಂಥದ್ದೇ ಅರ್ಜಿ ಹಿಡಿದ ಜಮನ್ ಸಿಂಗ್ ಕೂತಿದ್ದ. ಬೀಗರಿಗೆ ಸ್ವಲ್ಪ ಸರಿದು ಜಾಗ ಕೊಟ್ಟ.

"ಮುಖ ಯಾಕೆ ಹಾಗೆ ಮಾಡ್ಕೋತೀರಾ," ಎಂದಳು ಆಮಾ, ಒಲೆಯ ಕಡೆ ತಿರುಗುತ್ತಾ. "ಚಹಾ ಇವತ್ತೇ ಕೊಡ್ತೀನಿ."